ಟ್ರ್ಯಾಕ್‌ಗೆ ಯಾವ ಬ್ರೇಕ್ ಪ್ಯಾಡ್? ಪುಣೆ, ಮುಂಬೈ, ಗೋವಾದಿಂದ ಕಾರು ಓಡಿಸಿಕೊಂಡೇ ಹೋಗುವವರಿಗೆ

"ಕಂಪನಿ ಪ್ಯಾಡ್‌ನಲ್ಲೇ ಟ್ರ್ಯಾಕ್ ಡೇ ಮುಗಿಸಬಹುದಾ, ಇಲ್ಲ ರೇಸ್ ಪ್ಯಾಡ್ ತರಿಸಲಾ?" ಪಿಂಪ್ರಿ-ಚಿಂಚವಡ, ಚಾಕಣದ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗರಿಂದ ಹಿಡಿದು ಡೊಂಬಿವಲಿ, ವಾಸ್ಕೋದವರವರೆಗೆ ಹೆಚ್ಚಿನವರು ಕೇಳುವುದು ಇದನ್ನೇ. ಟ್ರ್ಯಾಕ್ ಡೇ ಎಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನ, ಕಂಪನಿ ಪ್ಯಾಡ್ ಎಂದರೆ ಕಾರಿನ ಜತೆಗೇ ಬರುವ ಬ್ರೇಕ್ ಪ್ಯಾಡ್. ಪ್ರಶ್ನೆಯಲ್ಲೇ ಒಂದು ತೊಡಕಿದೆ. ಆ ಎರಡು ತುದಿಗಳ ನಡುವೆ ಇನ್ನೂ ಎರಡು ಬಗೆಯ ಪ್ಯಾಡ್‌ಗಳಿವೆ, ಬಹಳಷ್ಟು ಜನರಿಗೆ ಬೇಕಾದದ್ದು ಸಿಗುವುದು ಅಲ್ಲೇ.

ನಮ್ಮ ಭಾಗದವರ ಪರಿಸ್ಥಿತಿಯೂ ಸ್ವಲ್ಪ ಬೇರೆ. ಈಗ ತಳೇಗಾಂವ್ ಕಡೆ ನಾನೋಲಿಯ ಟ್ರ್ಯಾಕ್ ಇದ್ದರೂ, ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೋ ಚೆನ್ನೈ ಹೊರಗಿನ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ಗೋ ಹೋಗಬೇಕಾದರೆ ಪುಣೆಯಿಂದ ಸುಮಾರು 1200 ಕಿಮೀ ದಾರಿ. ಚೆನ್ನೈ, ಕೊಯಮತ್ತೂರಿನವರು ಬೆಳಿಗ್ಗೆ ತಿಂಡಿ ತಿಂದು ಟ್ರ್ಯಾಕ್‌ಗೆ ಹೋಗುತ್ತಾರೆ. ನಾವು ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ, ಲಾರಿಗಳ ನಡುವೆ ಬ್ರೇಕ್ ಹಾಕುತ್ತ, ಅದೇ ಕಾರಲ್ಲಿ ಹೋಗಿ ಅದೇ ಕಾರಲ್ಲಿ ವಾಪಸು ಬರಬೇಕು. ಆದ್ದರಿಂದ ಲ್ಯಾಪ್ ಟೈಮ್ ಎಷ್ಟು ಬೇಕು ಎನ್ನುವುದಕ್ಕಿಂತ ಮೊದಲು ಕಾರು ಟ್ರ್ಯಾಕ್‌ಗೆ ಹೇಗೆ ತಲುಪುತ್ತದೆ ಎಂದು ಕೇಳಿಕೊಳ್ಳಿ. ಪ್ಯಾಡ್‌ನ ಆಯ್ಕೆ ಅರ್ಧ ಅಲ್ಲೇ ಮುಗಿಯುತ್ತದೆ.

ಕೆಟ್ಟದ್ದು ಪ್ಯಾಡೋ, ಬ್ರೇಕ್ ಆಯಿಲ್ಲೋ?

ಹಿಂದಿನ ಟ್ರ್ಯಾಕ್ ಡೇಯಲ್ಲಿ ಬ್ರೇಕ್ ಕೈಕೊಟ್ಟಿತು, ಅದಕ್ಕೇ ಹೊಸ ಪ್ಯಾಡ್ ಬೇಕು ಎನ್ನುವವರು ಒಂದು ವಿಷಯ ನೆನಪಿಸಿಕೊಳ್ಳಬೇಕು: ಆಗ ಪೆಡಲ್ ಹೇಗಿತ್ತು?

ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದು, ಎಷ್ಟು ತುಳಿದರೂ ಕಾರು ನಿಲ್ಲಲಿಲ್ಲ ಎಂದರೆ ಪ್ಯಾಡ್ ಸೋತಿದೆ. ಪ್ಯಾಡ್‌ನ ಮಸಾಲೆಯನ್ನು, ಅಂದರೆ ಉಜ್ಜಿ ಹಿಡಿಯುವ ಪದಾರ್ಥವನ್ನು, ಹಿಡಿದಿಟ್ಟ ರಾಳ ಅತಿಯಾಗಿ ಕಾದು ಅನಿಲ ಬಿಡುತ್ತದೆ, ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ, ಹಿಡಿತ ಹೋಗುತ್ತದೆ. ಅದೇ ಪೆಡಲ್ ಮೆತ್ತಗಾಗಿ, ಉದ್ದಕ್ಕೆ ಒಳಗೆ ಹೋಗಿ, ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಬ್ರೇಕ್ ಹಿಡಿಯಿತು ಎಂದರೆ ಆಯಿಲ್ ಕುದಿದಿದೆ. ಕುದಿದಾಗ ಹುಟ್ಟಿದ ಆವಿ ಒತ್ತಿದಷ್ಟೂ ಕುಗ್ಗುತ್ತದೆ, ನಿಮ್ಮ ಕಾಲಿನ ಬಲ ಪ್ಯಾಡ್ ಒತ್ತುವ ಪಿಸ್ಟನ್‌ಗೆ ತಲುಪುವುದೇ ಇಲ್ಲ.

ಎರಡನೆಯದಕ್ಕೆ ದುಬಾರಿ ಪ್ಯಾಡ್ ಮದ್ದಲ್ಲ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ಅದೇ ಆಯಿಲ್ 3.7 ಶೇಕಡಾ ನೀರು ಹೀರಿಕೊಂಡ ಮೇಲೆ ನಿಯಮ ಕೇಳುವುದು 155 ಡಿಗ್ರಿ ಮಾತ್ರ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ತಾನಾಗಿ ಹೀರುತ್ತದೆ, ಕೊಂಕಣದ ಮಳೆಗಾಲ ನಾಲ್ಕು ತಿಂಗಳು. ಎರಡು ಮಳೆಗಾಲ ಕಂಡ ಆಯಿಲ್ ಇಟ್ಟುಕೊಂಡು ಟ್ರ್ಯಾಕ್‌ಗೆ ಇಳಿದರೆ ಯಾವ ಪ್ಯಾಡೂ ಕಾಪಾಡದು. ಮೋಟುಲ್ ಆರ್‌ಬಿಎಫ್ 600 ತರಹದ ರೇಸಿಂಗ್ ಆಯಿಲ್ ಹೊಸದಿರುವಾಗ 312 ಡಿಗ್ರಿಯವರೆಗೆ ತಾಳುತ್ತದೆ. ಅರ್ಧ ಲೀಟರಿನ ಎರಡು ಡಬ್ಬಿ ತಂದರೆ ಹಳೆಯದನ್ನು ಪೂರ್ತಿ ತೆಗೆದು ನಾಲ್ಕೂ ಚಕ್ರ ಬ್ಲೀಡ್ ಮಾಡಬಹುದು, ಅಂದರೆ ಪೈಪಿನೊಳಗಿನ ಗಾಳಿ ಹೊರತೆಗೆಯಬಹುದು. ಬಜೆಟ್ ಎಷ್ಟೇ ಚಿಕ್ಕದಿರಲಿ, ಮೊದಲ ಖರ್ಚು ಇದಕ್ಕೇ. ಪ್ಯಾಡ್ ಆಮೇಲೆ. ಡಾಟ್ 5 ಎಂದು ಬರೆದ ಸಿಲಿಕಾನ್ ಆಯಿಲ್ ಮಾತ್ರ ಹಾಕಬೇಡಿ. ಅದು ಬೇರೆಯದೇ ಜಾತಿ, ಡಾಟ್ 4 ಜತೆ ಬೆರೆಯುವುದಿಲ್ಲ. ಡಾಟ್ 5.1 ಬೆರೆಯುತ್ತದೆ.

ಶಾಖ ಎಷ್ಟು ಹುಟ್ಟುತ್ತದೆ

ಚಾಲಕನೂ ಸೇರಿ 1200 ಕೆಜಿ ತೂಗುವ ಒಂದು ಹ್ಯಾಚ್‌ಬ್ಯಾಕ್ ಗಂಟೆಗೆ 160 ಕಿಮೀಯಿಂದ 80ಕ್ಕೆ ಇಳಿದರೆ ಸುಮಾರು 9 ಲಕ್ಷ ಜೂಲ್ ಶಕ್ತಿ ಶಾಖವಾಗುತ್ತದೆ. ಅದರಲ್ಲಿ 70 ಶೇಕಡಾ ಮುಂದಿನ ಎರಡು ಡಿಸ್ಕ್‌ಗಳಿಗೆ (ಪ್ಯಾಡ್ ಕಚ್ಚುವ, ಚಕ್ರದ ಜತೆ ತಿರುಗುವ ತಟ್ಟೆಗಳಿಗೆ) ಹೋಗುತ್ತದೆ ಎಂದಿಟ್ಟುಕೊಳ್ಳಿ. ಡಿಸ್ಕ್ ಒಂದೊಂದೂ 5 ಕೆಜಿ ಇದ್ದರೆ, ಆ ಒಂದೇ ಬ್ರೇಕಿಗೆ ಅದರ ಶಾಖ 130 ಡಿಗ್ರಿಗೂ ಹೆಚ್ಚು ಏರುತ್ತದೆ. ಅದೇ ಕಾರು 100ರಿಂದ 50ಕ್ಕೆ ಇಳಿದರೆ ಹುಟ್ಟುವುದು ಮೂರೂವರೆ ಲಕ್ಷ ಜೂಲ್. ವೇಗ 1.6 ಪಟ್ಟು ಆದರೆ ಶಾಖ ಎರಡೂವರೆ ಪಟ್ಟು, ಏಕೆಂದರೆ ಲೆಕ್ಕ ವೇಗದ ವರ್ಗದ್ದು.

ಹೀಗಾಗಿ ಟ್ರ್ಯಾಕ್ ಯಾವುದು ಎನ್ನುವುದೂ ಮುಖ್ಯ. ಕರಿ ಚಿಕ್ಕದು, ಸುಮಾರು 2.1 ಕಿಮೀ. ಅಲ್ಲಿ ತೀರಾ ಹೆಚ್ಚಿನ ವೇಗದಿಂದ ಬ್ರೇಕ್ ಹಾಕುವುದು ಕಡಿಮೆ, ಆದರೆ ಡಿಸ್ಕ್ ತಣ್ಣಗಾಗಲು ಬಿಡುವೂ ಕಡಿಮೆ. ಚೆನ್ನೈಯ 3.7 ಕಿಮೀ ಟ್ರ್ಯಾಕ್‌ನಲ್ಲಿ ನೇರ ದಾರಿ ಮುಗಿದಲ್ಲಿ ಒಮ್ಮೆಲೇ ದೊಡ್ಡ ಹೊರೆ ಬೀಳುತ್ತದೆ. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ 5.125 ಕಿಮೀ, ಮೂರನೇ ತಿರುವಿನಿಂದ ನಾಲ್ಕನೆಯದರವರೆಗೆ ಒಂದು ಕಿಲೋಮೀಟರಿಗೂ ಮೀರಿದ ನೇರ ದಾರಿ. ಶಕ್ತಿಶಾಲಿ ಕಾರು ಅಲ್ಲಿ 200 ದಾಟಿ ಬಂದು ಬ್ರೇಕ್ ಹಾಕುತ್ತದೆ. ಕರಿಯಲ್ಲಿ ಚೆನ್ನಾಗಿದ್ದ ಪ್ಯಾಡ್ ಬುದ್ಧ್‌ನಲ್ಲಿ ಐದನೇ ಲ್ಯಾಪಿಗೇ ಸೋಲಬಹುದು. ಅದು ಪ್ಯಾಡ್‌ನ ದೋಷವಲ್ಲ.

ಊಹಿಸುವುದಕ್ಕಿಂತ ಅಳೆಯುವುದು ಮೇಲು. ಡಿಸ್ಕ್‌ನ ಹೊರ ಅಂಚಿಗೆ ಬಳಿಯುವ ಶಾಖದ ಬಣ್ಣ ಸಿಗುತ್ತದೆ. ಹಸಿರು 430 ಡಿಗ್ರಿಗೆ ಬೆಳ್ಳಗಾಗುತ್ತದೆ, ಕಿತ್ತಳೆ 560ಕ್ಕೆ ಹಳದಿಯಾಗುತ್ತದೆ, ಕೆಂಪು 610ಕ್ಕೆ ಬೆಳ್ಳಗಾಗುತ್ತದೆ. ಬೆಳಿಗ್ಗೆ ಮೂರು ಗೆರೆ ಎಳೆಯಿರಿ, ಸಂಜೆ ಯಾವುದು ಬಣ್ಣ ಕಳೆದುಕೊಂಡಿದೆ ನೋಡಿ. ಹಸಿರು ಮಾತ್ರ ಬಿಳಿಯಾಗಿದ್ದರೆ ನಿಮ್ಮ ಡಿಸ್ಕ್ 430 ದಾಟಿದೆ, 560 ಮುಟ್ಟಿಲ್ಲ. ಪಿಟ್‌ಗೆ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗಕ್ಕೆ) ಬಂದ ಮೇಲೆ ಲೇಸರ್ ಗನ್ ಹಿಡಿದು ಅಳೆದ ಅಂಕಿ ನಂಬಬೇಡಿ. ತಣಿಸಲು ನಿಧಾನಕ್ಕೆ ಸುತ್ತುವ ಕೂಲಿಂಗ್ ಲ್ಯಾಪ್‌ನಲ್ಲಿ ಡಿಸ್ಕ್ ಆಗಲೇ ಬಹಳಷ್ಟು ಇಳಿದಿರುತ್ತದೆ, ಹೊಳೆಯುವ ಲೋಹವನ್ನು ಆ ಗನ್ ನಿಜಕ್ಕಿಂತ ತಣ್ಣಗೆ ತೋರಿಸುತ್ತದೆ. ಬಣ್ಣದ ಈ ಒಂದು ದಿನದ ಪರೀಕ್ಷೆ ಮಾಡದೆ ರೇಸ್ ಪ್ಯಾಡ್‌ಗೆ ದುಡ್ಡು ಹಾಕುವುದು ಅಳತೆ ಕೊಡದೆ ಅಂಗಿ ಹೊಲಿಸಿದ ಹಾಗೆ.

ಯಾವುದನ್ನು ತೂಗಿ ನೋಡಬೇಕು

ಮೊದಲನೆಯದು ತಣ್ಣಗಿದ್ದಾಗಿನ ಹಿಡಿತ: ಬೆಳಿಗ್ಗೆ ಆರಕ್ಕೆ ಕಾರು ತೆಗೆದು ಸೊಸೈಟಿ ಗೇಟಿನಲ್ಲಿ ಹಾಕುವ ಮೊದಲ ಬ್ರೇಕ್. ಎರಡನೆಯದು ಮೇಲಿನ ಮಿತಿ, ಅಂದರೆ ಹಿಡಿತ ಕುಸಿಯುವ ಶಾಖ. ಮೂರನೆಯದು ಈ ಎರಡರ ನಡುವೆ ಹಿಡಿತ ಸಮವಾಗಿದೆಯೋ ಏರಿಳಿಯುತ್ತದೆಯೋ ಎಂಬುದು. ಹೊಸಬರಿಗೆ ಗರಿಷ್ಠ ಹಿಡಿತಕ್ಕಿಂತ ಈ ಸಮತೆಯೇ ದೊಡ್ಡದು ಎಂದು ನಮ್ಮ ಅಭಿಪ್ರಾಯ. ಎರಡನೇ ಲ್ಯಾಪ್‌ನಲ್ಲೂ ಎಂಟನೇ ಲ್ಯಾಪ್‌ನಲ್ಲೂ ಒಂದೇ ಒತ್ತಡಕ್ಕೆ ಒಂದೇ ರೀತಿ ನಿಲ್ಲುವ ಕಾರಿನಲ್ಲೇ ಬ್ರೇಕಿಂಗ್ ಕಲಿಯಲು ಸಾಧ್ಯ. ಇವುಗಳ ಬೆನ್ನಿಗೆ ಡಿಸ್ಕ್ ಸವೆತ, ಧೂಳು, ಕೀಚಲು ಸದ್ದು, ಮತ್ತು ನಿಮ್ಮ ಕ್ಯಾಲಿಪರ್‌ಗೆ (ಪ್ಯಾಡ್ ಹಿಡಿದು ಡಿಸ್ಕ್‌ಗೆ ಒತ್ತುವ ಭಾಗಕ್ಕೆ) ಆ ಪ್ಯಾಡ್ ಸಿಗುತ್ತದೆಯೇ ಎಂಬ ಪ್ರಶ್ನೆ.

ಪ್ಯಾಡ್‌ನ ಬದಿಯಲ್ಲೋ ಹಿಂದಿನ ತಗಡಿನ ಮೇಲೋ ಕೆಲವೊಮ್ಮೆ ಎಫ್‌ಎಫ್, ಜಿಜಿ ಎಂಬಂಥ ಎರಡು ಅಕ್ಷರ ಇರುತ್ತದೆ. ಮೊದಲನೆಯದು ಕಡಿಮೆ ಶಾಖದ ಹಿಡಿತ, ಎರಡನೆಯದು ಹೆಚ್ಚು ಶಾಖದ್ದು. ಇ ಎಂದರೆ ಘರ್ಷಣಾಂಕ 0.25ರಿಂದ 0.35, ಎಫ್ 0.35ರಿಂದ 0.45, ಜಿ 0.45ರಿಂದ 0.55, ಎಚ್ 0.55ಕ್ಕೂ ಹೆಚ್ಚು. ಮೊದಲ ಅಕ್ಷರ ಎಫ್, ಎರಡನೆಯದು ಇ ಎಂದಿದ್ದರೆ ಕಾದಷ್ಟೂ ಹಿಡಿತ ಇಳಿಯುವ ಪ್ಯಾಡ್ ಅದು, ಟ್ರ್ಯಾಕ್‌ಗೆ ಬೇಡ. ಆದರೆ ಈ ಪರೀಕ್ಷೆಯ ಬಿಸಿ ಸುಮಾರು 340 ಡಿಗ್ರಿಗೇ ಮುಗಿಯುತ್ತದೆ. 500 ಡಿಗ್ರಿಯಲ್ಲಿ ಏನಾಗುತ್ತದೆ ಎಂದು ಈ ಅಕ್ಷರಗಳು ಹೇಳುವುದಿಲ್ಲ.

ಇನ್ನೊಂದು ತಪ್ಪು ಕಲ್ಪನೆ ಬಿಡಿಸಬೇಕು. ನಿಮ್ಮ ಈಗಿನ ಪ್ಯಾಡ್‌ನಲ್ಲೇ ಎಬಿಎಸ್ (ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವಷ್ಟು ಬ್ರೇಕ್ ಬರುತ್ತಿದ್ದರೆ, ಹೊಸ ಪ್ಯಾಡ್‌ನಿಂದ ಮೊದಲ ಬ್ರೇಕಿನ ದೂರ ಕಡಿಮೆಯಾಗದು. ಅಲ್ಲಿ ಮಿತಿ ಟೈರಿನದು. ಒಳ್ಳೆಯ ಪ್ಯಾಡ್ ಕೊಡುವುದು ಹತ್ತನೇ ಬ್ರೇಕೂ ಮೊದಲಿನಂತೆಯೇ ಇರುವ ಭರವಸೆ.

ಕಂಪನಿ ಪ್ಯಾಡ್

ತಣ್ಣಗೆ ಹಿಡಿಯುತ್ತದೆ, ಸದ್ದಿಲ್ಲ, ಡಿಸ್ಕ್ ತಿನ್ನುವುದಿಲ್ಲ, ಎಲ್ಲೂ ಸಿಗುತ್ತದೆ. ಲೋಣಾವಳಾ ಘಾಟಿ ಇಳಿಯಲು, ಚೋರ್ಲಾ ದಾಟಿ ಬೆಳಗಾವಿಗೆ ಬರಲು ಇಷ್ಟು ಸಾಕು. ಟ್ರ್ಯಾಕ್‌ನಲ್ಲಿ ಡಿಸ್ಕ್ 350 ಡಿಗ್ರಿ ದಾಟತೊಡಗಿದಾಗ ಅದರ ಸುಖ ಮುಗಿಯುತ್ತದೆ.

ಆದರೂ ಮೊಟ್ಟಮೊದಲ ಟ್ರ್ಯಾಕ್ ಡೇಗೆ, ಅದೂ ಸ್ವಿಫ್ಟ್, ಐ20 ತರಹದ ಹಗುರ ಕಾರಿಗೆ, ಹೊಸ ಕಂಪನಿ ಪ್ಯಾಡ್ ಮತ್ತು ಹೊಸ ರೇಸಿಂಗ್ ಆಯಿಲ್ ಸಾಕು ಎಂದೇ ಹೇಳುತ್ತೇವೆ. ಒಂದು ಕಟ್ಟುಪಾಡು ಇದೆ: ನಾಲ್ಕು ಲ್ಯಾಪ್ ಓಡಿಸಿ, ಒಂದು ಲ್ಯಾಪ್ ಬ್ರೇಕ್ ಮುಟ್ಟದೆ ನಿಧಾನಕ್ಕೆ ಸುತ್ತಿ, ಪಿಟ್‌ಗೆ ಬನ್ನಿ. ಮೊದಲ ದಿನ ಯಾರೂ ಬ್ರೇಕಿಂಗ್ ಪಾಯಿಂಟ್ (ತಿರುವಿಗೆ ಮೊದಲು ಬ್ರೇಕ್ ಹಾಕಬೇಕಾದ ಜಾಗ) ಹುಡುಕಿಕೊಂಡಿರುವುದಿಲ್ಲ, ಹೆಚ್ಚಿನವರು ಬ್ರೇಕನ್ನು ಉದ್ದಕ್ಕೆ ಎಳೆಯುತ್ತಾರೆ. ಶಾಖ ಏರಿಸುವುದು ಆ ಅಭ್ಯಾಸವೇ. ಆ ಹಂತದಲ್ಲಿ ದುಬಾರಿ ಪ್ಯಾಡ್ ಹಾಕಿದರೆ ತಪ್ಪು ಮುಚ್ಚಿಹೋಗುತ್ತದೆ.

ಸಂಜೆ ಪ್ಯಾಡ್ ಬಿಚ್ಚಿ ನೋಡಲೇಬೇಕು. ಡಿಸ್ಕ್‌ಗೆ ತಾಗುವ ಮುಖದ ಅಂಚಿನಲ್ಲಿ, ಒಲೆಯ ಬೂದಿಯಂಥ ಬಿಳಿಚಿದ ಒಂದು ಗೆರೆ ಎದ್ದಿದ್ದರೆ ರಾಳ ಸುಟ್ಟಿದೆ ಎಂದರ್ಥ. ಉಗುರಿನಿಂದ ಕೆರೆದಾಗ ಅಲ್ಲಿಂದ ಪುಡಿ ಉದುರಿದರೆ, ಮೂಲೆ ಚಕ್ಕೆ ಎದ್ದಿದ್ದರೆ, ಅಥವಾ ಬದಿಯಿಂದ ನೋಡಿದಾಗ ಮಸಾಲೆಗೂ ತಗಡಿಗೂ ನಡುವೆ ಕೂದಲೆಳೆಯ ಬಿರುಕು ಕಂಡರೆ ಆ ಪ್ಯಾಡ್ ಇಟ್ಟುಕೊಂಡು ಮನೆಗೆ ಹೊರಡಬೇಡಿ. ಡಿಕ್ಕಿಯಲ್ಲಿ ಇನ್ನೊಂದು ಹೊಸ ಸೆಟ್ ಇರಲೇಬೇಕು ಎನ್ನುವುದು ಇದಕ್ಕೇ.

ಸದ್ದಿಲ್ಲದ ಸಿರಾಮಿಕ್, ಚುರುಕಾದ ರಸ್ತೆ ಪ್ಯಾಡ್

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಟ್ರ್ಯಾಕ್‌ನವರಿಗೆ ಇಲ್ಲಿ ಸಿಗುವುದು ಕಡಿಮೆ. ಸಿರಾಮಿಕ್ ಎಂಬ ಹೆಸರು ಕೇಳಿ ಸೂಪರ್‌ಕಾರ್‌ಗಳ ಕಾರ್ಬನ್-ಸಿರಾಮಿಕ್ ಡಿಸ್ಕ್ ನೆನಪಾಗಿ ಕೊಳ್ಳುವವರಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ರಸ್ತೆಯ ಸಿರಾಮಿಕ್ ಪ್ಯಾಡ್ ಧೂಳು ಕಡಿಮೆ ಮಾಡಲು ಹುಟ್ಟಿದ್ದು. ಬಣ್ಣ ನೋಡಿಯೂ ಮೋಸಹೋಗಬೇಡಿ: ಇಬಿಸಿಯ ಗ್ರೀನ್‌ಸ್ಟಫ್, ರೆಡ್‌ಸ್ಟಫ್ ರಸ್ತೆಯವು, ಟ್ರ್ಯಾಕ್‌ಗೆ ಅದೇ ಕಂಪನಿಯ ಯೆಲ್ಲೋಸ್ಟಫ್, ಬ್ಲೂಸ್ಟಫ್ ನೋಡಬೇಕು. ಹಾಕ್ ಕಂಪನಿಯ ಎಚ್‌ಪಿಎಸ್ ಕೂಡ ರಸ್ತೆಯ ಕಡೆಗೇ ವಾಲಿದ ಪ್ಯಾಡ್. ಘಾಟಿಗಳಲ್ಲಿ ಜೋರಾಗಿ ಓಡಿಸುವವರಿಗೆ ಚೆನ್ನ, ಟ್ರ್ಯಾಕ್‌ಗಾಗಿಯೇ ಇದಕ್ಕೆ ಬೆಲೆ ಕೊಡಬೇಡಿ.

ನಡುವಿನ ದಾರಿ: ರಸ್ತೆಗೂ ಟ್ರ್ಯಾಕ್‌ಗೂ ಒಂದೇ ಪ್ಯಾಡ್

ಫೆರೋಡೋ ಡಿಎಸ್2500, ಹಾಕ್ ಎಚ್‌ಪಿ ಪ್ಲಸ್, ಇಬಿಸಿ ಯೆಲ್ಲೋಸ್ಟಫ್ ಈ ಗುಂಪಿನವು. ಸ್ವಂತ ಕಾರು ಓಡಿಸಿಕೊಂಡು ಹೋಗುವ ನಮ್ಮ ಭಾಗದ ಹೆಚ್ಚಿನವರಿಗೆ ನಾವು ಹೇಳುವುದು ಇದನ್ನೇ.

ಡಿಎಸ್2500 ಉದಾಹರಣೆ ತೆಗೆದುಕೊಳ್ಳಿ. ತಯಾರಕರು ಹೇಳುವ ಸರಾಸರಿ ಹಿಡಿತ 0.42, ಕೆಲಸ ಮಾಡುವ ವ್ಯಾಪ್ತಿ ತಣ್ಣಗಿನಿಂದ 500 ಡಿಗ್ರಿಯವರೆಗೆ. 0.42 ಎಂದರೆ ಹೇಳಿಕೊಳ್ಳುವಂಥ ದೊಡ್ಡ ಅಂಕಿಯೇನಲ್ಲ, ಎಫ್ ವರ್ಗದ ಕಂಪನಿ ಪ್ಯಾಡ್‌ಗೂ ಅಷ್ಟಿರಬಹುದು. ವ್ಯತ್ಯಾಸ ಇರುವುದು 400, 450ರಲ್ಲೂ ಅದು ಅಲ್ಲೇ ನಿಲ್ಲುವುದರಲ್ಲಿ. ಪೆಡಲ್‌ನ ಸ್ಪರ್ಶವೂ ಹಿತ: ಒತ್ತಿದಷ್ಟು ಹಿಡಿಯುತ್ತದೆ, ಸಡಿಲಿಸಿದಷ್ಟು ಬಿಡುತ್ತದೆ. ಬ್ರೇಕ್ ಬಿಡುತ್ತಲೇ ತಿರುವಿನೊಳಕ್ಕೆ ಹೋಗುವುದನ್ನು ಕಲಿಯುವವರಿಗೆ ಈ ಬಿಡುವ ಗುಣವೇ ಹೆಚ್ಚು ಉಪಕಾರಿ.

ಎಚ್‌ಪಿ ಪ್ಲಸ್ ಇನ್ನೂ ಗಟ್ಟಿಯಾಗಿ ಕಚ್ಚುತ್ತದೆ. ಬದಲಿಗೆ ಸಿಗ್ನಲ್‌ಗಳಲ್ಲಿ ಬಿಎಂಟಿಸಿ ಬಸ್ಸಿನಂತೆ ಕೀರುತ್ತದೆ, ಧೂಳು ಸುರಿಯುತ್ತದೆ. ಆ ಧೂಳಿನಲ್ಲಿ ಕಬ್ಬಿಣ ಇದೆ. ಗೋವಾದ, ಮುಂಬೈನ ಉಪ್ಪುಗಾಳಿಯಲ್ಲಿ ಒಂದು ಮಳೆ ಬಿದ್ದರೆ ಅಲಾಯ್ ವೀಲ್ ಮೇಲೆ ಕಂದು ಚುಕ್ಕೆಗಳಾಗಿ ಕೂತುಬಿಡುತ್ತದೆ, ಆಮೇಲೆ ಉಜ್ಜಿದರೂ ಹೋಗದು. ಟ್ರ್ಯಾಕ್‌ನಿಂದ ಬಂದ ದಿನವೇ, ಚಕ್ರ ತಣ್ಣಗಾದ ಮೇಲೆ, ಶಾಂಪೂ ನೀರಲ್ಲಿ ತೊಳೆಯಿರಿ.

ಈ ಗುಂಪಿನ ಮಿತಿಯನ್ನೂ ತಿಳಿದಿರಬೇಕು. ಆಕ್ಟೇವಿಯಾ ಆರ್‌ಎಸ್‌ನಂಥ ತೂಕದ, ವೇಗದ ಕಾರು, ಬುದ್ಧ್‌ನಂಥ ಟ್ರ್ಯಾಕ್, ಇಪ್ಪತ್ತು ನಿಮಿಷದ ಸೆಷನ್ ಮೂರೂ ಒಟ್ಟಾದರೆ ಡಿಸ್ಕ್ 500 ದಾಟುತ್ತದೆ. ಆಗ ಈ ಪ್ಯಾಡ್‌ಗಳು ಒಮ್ಮೆಲೇ ಕೈಬಿಡದಿದ್ದರೂ ಬಹಳ ಬೇಗ ಸವೆಯುತ್ತವೆ. ಬೆಳಿಗ್ಗೆ 10 ಮಿಮೀ ಇದ್ದದ್ದು ಸಂಜೆಗೆ 5 ಆಗಿದ್ದರೆ ಅಚ್ಚರಿಪಡಬೇಡಿ, ಮುಂದಿನ ಗುಂಪಿಗೆ ಹೋಗುವ ಹೊತ್ತು ಬಂದಿದೆ ಎಂದು ತಿಳಿಯಿರಿ.

ಪಕ್ಕಾ ರೇಸ್ ಪ್ಯಾಡ್

ಫೆರೋಡೋ ಡಿಎಸ್1.11, ಪಾಗಿಡ್ ಆರ್‌ಎಸ್‌ಎಲ್29, ಹಾಕ್ ಡಿಟಿಸಿ-60 ಇಲ್ಲಿನ ಪರಿಚಿತ ಹೆಸರುಗಳು. ಮೊದಲೆರಡು ದೀರ್ಘ ಓಟಕ್ಕೆ ಮಾಡಿದವು: ಹಿಡಿತ ಸಮ, ಸವೆತ ನಿಧಾನ. ಡಿಟಿಸಿ-60ಯ ವ್ಯಾಪ್ತಿ ತಯಾರಕರ ಪ್ರಕಾರ ಶುರುವಾಗುವುದೇ ಸುಮಾರು 200 ಡಿಗ್ರಿಯಿಂದ. ಮೇಲೆ 870ರವರೆಗೆ ಹೋಗುತ್ತದೆ.

ಆ ಕೆಳಗಿನ ಅಂಕಿ ಗಮನಿಸಿ. ಜುಲೈ ಮಳೆಯಲ್ಲಿ ಪುಣೆ-ಬೆಂಗಳೂರು ಹೈವೇಯಲ್ಲಿ ಮುಕ್ಕಾಲು ಗಂಟೆ ಬ್ರೇಕ್ ಮುಟ್ಟದೆ ಓಡಿದ ಕಾರಿನ ಡಿಸ್ಕ್ 50 ಡಿಗ್ರಿಯೂ ಇರುವುದಿಲ್ಲ, ಮೇಲೆ ನೀರು ಬೇರೆ. ಕರಾಡ್ ಹತ್ತಿರ ಎದುರಿಗೆ ಟ್ರ್ಯಾಕ್ಟರ್ ಅಡ್ಡ ಬಂತು ಎಂದರೆ, ನಿಮಗೆ ಬೇಕಾದ ಆ ಮೊದಲ ಕ್ಷಣದಲ್ಲಿ ರೇಸ್ ಪ್ಯಾಡ್ ಇನ್ನೂ ಬಿಸಿಯಾಗುತ್ತಿರುತ್ತದೆ. ಅಲ್ಲದೆ ತಣ್ಣಗಿರುವಾಗ ಇಂಥ ಪ್ಯಾಡ್ ಡಿಸ್ಕ್ ಮೇಲೆ ಅರದಂತೆ ಉಜ್ಜುತ್ತದೆ. ನಗರದಲ್ಲಿ ಓಡಿಸಿದಷ್ಟೂ ಡಿಸ್ಕ್ ಗೀರುಬೀಳುತ್ತದೆ. ರೇಸ್ ಪ್ಯಾಡ್ ಹಾಕಿಕೊಂಡು 1200 ಕಿಮೀ ಹೋಗಿ ಬರುವುದನ್ನು ನಾವು ಯಾರಿಗೂ ಹೇಳುವುದಿಲ್ಲ, ಎಷ್ಟು ನುರಿತ ಚಾಲಕರಿಗೂ.

ಹಾಗಾದರೆ ಇದು ಯಾರಿಗೆ? ಕಾರನ್ನು ಟ್ರಕ್ ಮೇಲೆ ಹಾಕಿ ಕಳಿಸುವವರಿಗೆ, ಅಥವಾ ಟ್ರ್ಯಾಕ್‌ನಲ್ಲೇ ಪ್ಯಾಡ್ ಬದಲಿಸುವ ಶ್ರಮಕ್ಕೆ ಸಿದ್ಧರಿರುವವರಿಗೆ. ಜತೆಗೆ ಶಾಖದ ಬಣ್ಣ 500 ಡಿಗ್ರಿಯ ಮೇಲಿನ ಕತೆ ಹೇಳಿರಬೇಕು. ಕರಿಯಲ್ಲಿ ಹಗುರ ಹ್ಯಾಚ್‌ಬ್ಯಾಕ್ ಓಡಿಸುವವರು ಈ ಪ್ಯಾಡ್ ಹಾಕಿದರೆ ಅದು ತನ್ನ ಶಾಖಕ್ಕೆ ಏರುವುದೇ ಇಲ್ಲ. ಕಂಪನಿ ಪ್ಯಾಡ್‌ಗಿಂತ ಹಿಂದೆ ಬಿದ್ದರೂ ಬೀಳಬಹುದು.

ಎಬಿಎಸ್ ಇರುವ ಕಾರಿಗೆ, ರಸ್ತೆ ಟೈರ್ ಇರುವಾಗ, ಒಮ್ಮೆಲೇ ಕಚ್ಚುವ ಪ್ಯಾಡ್‌ಗಿಂತ ಸಮವಾಗಿ ಏರುವ ಆರ್‌ಎಸ್‌ಎಲ್29, ಡಿಎಸ್1.11 ಬಗೆಯದೇ ಒಳ್ಳೆಯದು. ಟೈರ್ ಕೊಡುವ ಹಿಡಿತಕ್ಕಿಂತ ಪ್ಯಾಡ್ ಬಹಳ ಮುಂದಿದ್ದರೆ ಪ್ರತಿ ತಿರುವಿನಲ್ಲೂ ಎಬಿಎಸ್ ನಡುವೆ ಬಾಯಿ ಹಾಕುತ್ತದೆ.

ದುಡ್ಡಿನ ಲೆಕ್ಕ

ಡಬ್ಬಿಯ ಮೇಲಿನ ಬೆಲೆಯನ್ನಲ್ಲ, ಒಂದು ಟ್ರ್ಯಾಕ್ ದಿನಕ್ಕೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕಿ, ಡಿಸ್ಕ್‌ನ ಸವೆತ ಸೇರಿಸಿ. ದಾರಿ ತೋರಿಸಲು ಕೆಲವು ಅಂಕಿ ಹಿಡಿಯೋಣ, ನಿಮ್ಮ ಕಾರಿನವನ್ನು ನೀವು ಹಾಕಿಕೊಳ್ಳಿ. ಡಿಸ್ಕ್ ಜೋಡಿ 6,000 ರೂ. ಎಂದಿಟ್ಟುಕೊಳ್ಳಿ. 4,000 ರೂ.ಗಳ ಕಂಪನಿ ಪ್ಯಾಡ್ ಒಂದೇ ದಿನಕ್ಕೆ ಸುಟ್ಟುಹೋಗಿ, ಡಿಸ್ಕ್ ಆರು ದಿನ ಬಂದರೆ ದಿನಕ್ಕೆ 5,000. 14,000ದ ನಡುವಿನ ಪ್ಯಾಡ್ ಐದು ದಿನ, ಡಿಸ್ಕೂ ಐದು ದಿನ ಬಂದರೆ 4,000. 28,000ದ ರೇಸ್ ಪ್ಯಾಡ್ ಏಳು ದಿನ ಬಂದು ಮೂರು ದಿನಕ್ಕೊಮ್ಮೆ ಡಿಸ್ಕ್ ತಿಂದರೆ 6,000. ವರ್ಷಕ್ಕೆ ಒಂದೇ ಸಲ ಹೋಗುವವರಿಗೆ ಕಂಪನಿ ಪ್ಯಾಡ್ ಅಗ್ಗವೇ. ಮೂರಕ್ಕಿಂತ ಹೆಚ್ಚು ಸಲ ಹೋಗುವವರಿಗೆ ನಡುವಿನದು ಅಗ್ಗ. ರೇಸ್ ಪ್ಯಾಡ್ ಹಣ ಉಳಿಸುವ ಸಂದರ್ಭ ಒಂದೇ: ನಡುವಿನ ಪ್ಯಾಡ್ ದಿನಕ್ಕೊಂದು ಸೆಟ್ ಕರಗುತ್ತಿರುವಾಗ.

ಸವೆತದ ಲೆಕ್ಕದಲ್ಲಿ ಒಂದು ಎಚ್ಚರ. ಊರಲ್ಲಿ 3 ಮಿಮೀವರೆಗೆ ಪ್ಯಾಡ್ ಓಡಿಸುತ್ತೇವೆ. ಟ್ರ್ಯಾಕ್ ದಿನ 6 ಮಿಮೀಗಿಂತ ತೆಳ್ಳಗಿನ ಪ್ಯಾಡ್ ಇಟ್ಟುಕೊಂಡು ಶುರು ಮಾಡಬಾರದು. ಪ್ಯಾಡ್‌ನ ಮಸಾಲೆಯೇ ಡಿಸ್ಕ್‌ನ ಶಾಖ ಆಯಿಲ್‌ಗೆ ಹೋಗದಂತೆ ತಡೆಯುವ ಗೋಡೆ. 10 ಮಿಮೀ ಗೋಡೆ 4 ಮಿಮೀ ಆದಾಗ ಅದರ ಮೂಲಕ ಎರಡೂವರೆ ಪಟ್ಟು ಶಾಖ ದಾಟುತ್ತದೆ. ಮಧ್ಯಾಹ್ನದ ಸೆಷನ್‌ನಲ್ಲಿ ಇದ್ದಕ್ಕಿದ್ದಂತೆ ಪೆಡಲ್ ಮೆತ್ತಗಾಗುವುದಕ್ಕೆ ಎಷ್ಟೋ ಸಲ ಕಾರಣ ಇದು.

ಹಿಂದಿನ ಚಕ್ರಗಳನ್ನು ಮರೆಯಬೇಡಿ

ಸ್ವಿಫ್ಟ್, ಪೋಲೋದಲ್ಲಿ ಹಿಂದೆ ಡ್ರಮ್ ಬ್ರೇಕ್. ಮುಂದೆ ನಡುವಿನ ಗುಂಪಿನ ಪ್ಯಾಡ್ ಹಾಕಿ, ಹಿಂದೆ ಒಳ್ಳೆಯ ಬ್ರೇಕ್ ಶೂ (ಡ್ರಮ್‌ನಲ್ಲಿ ಪ್ಯಾಡ್‌ನ ಕೆಲಸ ಮಾಡುವುದು) ಇಟ್ಟು ಸರಿಯಾಗಿ ಅಡ್ಜಸ್ಟ್ ಮಾಡಿಸಿದರೆ ಸಾಕು. ನಾಲ್ಕೂ ಕಡೆ ಡಿಸ್ಕ್ ಇದ್ದರೆ ಹಿಂದೆಯೂ ಅದೇ ಗುಂಪಿನದು, ಅಥವಾ ಒಂದು ಹಂತ ಸೌಮ್ಯವಾದದ್ದು. ಹಿಂದಿನದು ಮುಂದಿನದಕ್ಕಿಂತ ಜೋರಾಗಿರುವುದು ಎಂದಿಗೂ ಕೂಡದು. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ವಾಲಿ, ಹಗುರಾದ ಹಿಂಚಕ್ರ ಮೊದಲು ಹಿಡಿದುಕೊಂಡರೆ ಕಾರು ಗಿರಕಿ ಹೊಡೆಯುತ್ತದೆ.

ಬೈಕಿನವರಿಗೆ ಎರಡು ಮಾತು: ಅಲ್ಲಿ ಆಯ್ಕೆ ಸರಳ. ಲೋಹದ ಪುಡಿಯನ್ನು ಕಾಯಿಸಿ ಒತ್ತಿ ಮಾಡಿದ ಸಿಂಟರ್ಡ್ ಪ್ಯಾಡ್, ಎಚ್‌ಎಚ್ ದರ್ಜೆಯದು, ತಣ್ಣಗೂ ಬಿಸಿಗೂ ಮಳೆಗೂ ನಡೆಯುತ್ತದೆ. ಡಿಸ್ಕ್ ಅದಕ್ಕೆ ಒಗ್ಗುವಂಥದ್ದೇ ಎಂದು ಮಾತ್ರ ಮೊದಲು ಖಚಿತಪಡಿಸಿಕೊಳ್ಳಿ.

ಕೊಳ್ಳುವಾಗ

ಕಾರಿನ ಹೆಸರು, ವರ್ಷ ಹೇಳಿ ಪ್ಯಾಡ್ ತರಿಸಬೇಡಿ. ಒಂದೇ ಮಾಡೆಲ್‌ನಲ್ಲಿ ಎರಡು ಬಗೆಯ ಕ್ಯಾಲಿಪರ್ ಬಂದಿರುವುದುಂಟು. ಹಳೆಯ ಪ್ಯಾಡ್ ಬಿಚ್ಚಿ, ಹಿಂದಿನ ತಗಡಿನ ಮೇಲಿರುವ ಪ್ಯಾಡ್‌ನ ಆಕಾರ ಗುರುತಿಸುವ ಐದಂಕಿಯ ಡಬ್ಲ್ಯೂವಿಎ ಸಂಖ್ಯೆ ಇದ್ದರೆ ಬರೆದುಕೊಳ್ಳಿ. ಉದ್ದ, ಎತ್ತರ, ದಪ್ಪ ವರ್ನಿಯರ್ ಸ್ಕೇಲ್‌ನಲ್ಲಿ ಅಳೆದು ಫೋಟೋ ತೆಗೆಯಿರಿ. ಆ ಅಳತೆಯನ್ನು ಪ್ಯಾಡ್ ಕಂಪನಿಯ ಕ್ಯಾಟಲಾಗ್‌ನ ಚಿತ್ರದೊಂದಿಗೆ ತಾಳೆ ಹಾಕಿ. ಮುಂಬೈನ ಒಪೆರಾ ಹೌಸ್ ಕಡೆ ಆಟೋ ಪಾರ್ಟ್ಸ್ ಅಂಗಡಿಗಳಲ್ಲಿ ಕೇಳುವಾಗಲೂ ಹಳೆಯ ಪ್ಯಾಡ್ ಕೈಯಲ್ಲೇ ಇರಲಿ. ಮೊಹರು ಒಡೆದ ಪೊಟ್ಟಣ, ಬಿಲ್ ಇಲ್ಲದ ಮಾಲು, ತಗಡಿನ ಮೇಲೆ ಬ್ಯಾಚ್ ಸಂಖ್ಯೆ ಇಲ್ಲದ್ದು ಇವುಗಳನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬಿಡಿ.

ಹದ ಮಾಡುವುದು

ಹೊಸ ಪ್ಯಾಡ್ ಹಾಕಿ ನೇರ ಓಟಕ್ಕಿಳಿದರೆ ಅತ್ಯುತ್ತಮ ಪ್ಯಾಡೂ ಕೆಡುತ್ತದೆ. ಡಿಸ್ಕ್ ಬೀಡುಕಬ್ಬಿಣದ್ದು, ದೋಸೆ ಕಾವಲಿಯೂ ಅದೇ. ಮಾಟುಂಗಾದ ಉಡುಪಿ ಹೋಟೆಲಿನವರು ಹೊಸ ಕಾವಲಿಗೆ ಮೊದಲ ದಿನವೇ ದೋಸೆ ಹೊಯ್ಯುವುದಿಲ್ಲ. ಕಾಯಿಸಿ, ಎಣ್ಣೆ ಸವರಿ, ಆರಿಸಿ, ಮತ್ತೆ ಕಾಯಿಸಿ ಪದರ ಕಟ್ಟಿಸುತ್ತಾರೆ. ಇಲ್ಲೂ ಹಾಗೆಯೇ ಪ್ಯಾಡ್‌ನ ಒಂದು ತೆಳು ಪದರ ಡಿಸ್ಕ್ ಮೇಲೆ ಸಮವಾಗಿ ಕೂರಬೇಕು. ಆಮೇಲೆ ಹಿಡಿತ ಹುಟ್ಟುವುದು ಆ ಪದರಕ್ಕೂ ಪ್ಯಾಡ್‌ಗೂ ನಡುವೆ.

ನಡುವಿನ ಗುಂಪಿನ ಪ್ಯಾಡ್‌ಗೆ 100ರಿಂದ 20ಕ್ಕೆ ಎಂಟು ಹತ್ತು ಬಾರಿ ಗಟ್ಟಿಯಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ. ಆಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ಸಾರ್ವಜನಿಕ ರಸ್ತೆಯಲ್ಲಿ ಇದು ಅಪಾಯ. ಟ್ರ್ಯಾಕ್‌ನ ಮೊದಲ ಸೆಷನ್ ಇದಕ್ಕೇ ಮೀಸಲಿಡಿ. ರೇಸ್ ಪ್ಯಾಡ್‌ಗೆ ಎರಡು ಲ್ಯಾಪ್ ಮಧ್ಯಮ, ಎರಡು ಮೂರು ಲ್ಯಾಪ್ ಜೋರು, ಒಂದು ಲ್ಯಾಪ್ ತಣ್ಣಗೆ; ಅನಂತರ ಪಿಟ್‌ನಲ್ಲಿ ಕೈಗೆ ತಾಗುವಷ್ಟು ಆರುವವರೆಗೆ ನಿಲ್ಲಿಸಿ. ತಯಾರಕರ ಹಾಳೆಯಲ್ಲಿ ಬೇರೆ ಕ್ರಮ ಇದ್ದರೆ ಅದನ್ನೇ ಪಾಲಿಸಿ.

ಕಾದ ಬ್ರೇಕ್ ತುಳಿದುಕೊಂಡು ನಿಲ್ಲಬೇಡಿ, ಪಿಟ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಕಾದ ಪ್ಯಾಡ್ ನಿಂತಲ್ಲೇ ಡಿಸ್ಕ್ ಮೇಲೆ ಅಚ್ಚೊತ್ತುತ್ತದೆ. ಆಮೇಲೆ ಬರುವ ನಡುಕವನ್ನು ಗ್ಯಾರೇಜಿನಲ್ಲಿ 'ಡಿಸ್ಕ್ ಬೆಂಡ್ ಆಗಿದೆ' ಎನ್ನುತ್ತಾರೆ. ಬಹಳ ಸಲ ಡಿಸ್ಕ್ ನೆಟ್ಟಗೇ ಇರುತ್ತದೆ, ಮೇಲಿನ ಪದರ ಮಾತ್ರ ಒಂದೆಡೆ ದಪ್ಪವಾಗಿರುತ್ತದೆ. ಮತ್ತೊಮ್ಮೆ ಹದ ಮಾಡಿದರೆ ಅರ್ಧಕ್ಕರ್ಧ ಸರಿಹೋಗುತ್ತದೆ.

ಪಿಟ್‌ನಲ್ಲಿ ಪ್ಯಾಡ್ ಬದಲಿಸುವವರಿಗೆ

ರಸ್ತೆಗೊಂದು ಸೆಟ್, ಟ್ರ್ಯಾಕ್‌ಗೊಂದು ಸೆಟ್ ಇಟ್ಟುಕೊಂಡವರು ಸಾಧ್ಯವಾದರೆ ಡಿಸ್ಕ್ ಕೂಡ ಎರಡು ಜೋಡಿ ಇಡಿ. ಒಂದು ಪ್ಯಾಡ್‌ನ ಪದರದ ಮೇಲೆ ಇನ್ನೊಂದು ಸರಿಯಾಗಿ ಕೂರುವುದಿಲ್ಲ. ಅದಾಗದಿದ್ದರೆ 80 ಅಥವಾ 120 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ಡಿಸ್ಕ್‌ನ ಎರಡೂ ಮುಖ ಅಡ್ಡಡ್ಡ ಉಜ್ಜಿ, ಬ್ರೇಕ್ ಕ್ಲೀನರ್ ಹೊಡೆದು, ಮತ್ತೆ ಹದ ಮಾಡಿ.

ಮುಂದಿನ ಎರಡು ಚಕ್ರಕ್ಕೆ ಕೈ ಪಳಗಿದವರಿಗೂ ಮುಕ್ಕಾಲು ಗಂಟೆ ಬೇಕು. ಜ್ಯಾಕ್ ಮೇಲೆ ನಂಬಿಕೆ ಇಡದೆ ಸ್ಟ್ಯಾಂಡ್ ಕೊಡಿ. ಪಿಸ್ಟನ್ ಹಿಂದಕ್ಕೆ ಒತ್ತುವ ಮೊದಲು ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿಯಿಂದ ಸ್ವಲ್ಪ ಸಿರಿಂಜ್‌ನಲ್ಲಿ ತೆಗೆಯಿರಿ, ಇಲ್ಲದಿದ್ದರೆ ತುಂಬಿ ಪೇಂಟ್ ಮೇಲೆ ಚೆಲ್ಲಿ ಬಣ್ಣ ಎಬ್ಬಿಸುತ್ತದೆ. ಕ್ಯಾಲಿಪರ್‌ನ ಸ್ಲೈಡ್ ಪಿನ್ ಬೆರಳಲ್ಲಿ ತಳ್ಳಿದರೆ ಸಲೀಸಾಗಿ ಜಾರಬೇಕು. ಬಿಗಿಯಾಗಿದ್ದರೆ ಬಿಚ್ಚಿ ಒರೆಸಿ ಸಿಲಿಕಾನ್ ಗ್ರೀಸ್ ಹಚ್ಚಿ. ಸಾಮಾನ್ಯ ಗ್ರೀಸ್ ಬೇಡ, ರಬ್ಬರ್ ಉಬ್ಬಿ ಪಿನ್ ಸಿಕ್ಕಿಕೊಳ್ಳುತ್ತದೆ. ಒಳಗಿನ ಪ್ಯಾಡ್ 4 ಮಿಮೀ, ಹೊರಗಿನದು 8 ಮಿಮೀ ಉಳಿದಿದ್ದರೆ ಬಹುಮಟ್ಟಿಗೆ ತಪ್ಪು ಈ ಪಿನ್ನಿನದೇ, ಪ್ಯಾಡ್‌ನದಲ್ಲ. ಬೋಲ್ಟ್‌ಗಳನ್ನು ಸರ್ವಿಸ್ ಪುಸ್ತಕದ ಅಳತೆಗೆ ಟಾರ್ಕ್ ರೆಂಚ್‌ನಲ್ಲಿ ಬಿಗಿಯಿರಿ.

ಎಲ್ಲ ಮುಗಿದು ಚಕ್ರ ಹಾಕಿದ ಮೇಲೆ, ಗೇರ್ ಹಾಕುವ ಮೊದಲು, ಪೆಡಲ್ ಗಟ್ಟಿಯಾಗುವವರೆಗೆ ನಿಂತಲ್ಲೇ ಪಂಪ್ ಮಾಡಿ. ಹಿಂದಕ್ಕೆ ತಳ್ಳಿದ ಪಿಸ್ಟನ್ ಇನ್ನೂ ಪ್ಯಾಡ್‌ಗೆ ತಾಗಿರುವುದಿಲ್ಲ, ಇದನ್ನು ಮರೆತವರ ಮೊದಲ ಬ್ರೇಕ್ ನೆಲ ಮುಟ್ಟುತ್ತದೆ. ಆಮೇಲೆ ಬಾನೆಟ್ ತೆಗೆದು ಆಯಿಲ್ ಮಟ್ಟ ನೋಡಿ, ಪಿಟ್‌ನ ದಾರಿಯಲ್ಲೇ ನಡೆಯುವ ವೇಗದಲ್ಲಿ ನಾಲ್ಕೈದು ಸಲ ಬ್ರೇಕ್ ಹಿಡಿದು ನೋಡಿ, ಒಮ್ಮೆ ಇಳಿದು ಕ್ಯಾಲಿಪರ್ ಸುತ್ತ ಆಯಿಲ್ ತೇವ ಇದೆಯೇ ಎಂದು ಕೈಯಾಡಿಸಿ. ಮನೆಗೆ ಹೊರಡುವ ಸಂಜೆಯೂ ಇದಿಷ್ಟೂ ಮತ್ತೆ ಮಾಡಬೇಕು, ದಣಿವಾಗಿದ್ದರೆ ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಮಾಡಿ.